ಜಿಪಿಎ 3.1, ಒಂದು ವಿಷಯ ಫೇಲ್. ನನಗೆ ಫಾರ್ಮಸಿ ರೆಸಿಡೆನ್ಸಿ ಸಿಗುತ್ತಾ?

ಹೇಮಾವತಿತೀರ | 10 ಆಗಸ್ಟ್ 2024

ಎಲ್ಲರಿಗೂ ನಮಸ್ಕಾರ. ನಾನು ಒಹಾಯೊದಲ್ಲಿ ಫಾರ್ಮ್‌ಡಿ (ಫಾರ್ಮಸಿ ಡಾಕ್ಟರ್ ಪದವಿ) ಕೊನೆಯ ವರ್ಷ ಓದುತ್ತಿದ್ದೇನೆ. ಹುಟ್ಟಿದ್ದು ಹಾಸನದಲ್ಲಿ. ಹದಿಮೂರನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದೆ.

ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಪಿಜಿವೈ-1 ರೆಸಿಡೆನ್ಸಿ, ಅಂದರೆ ಪದವಿ ಆದ ಮೇಲೆ ಒಂದು ವರ್ಷದ ತರಬೇತಿ, ಬೇಕು. ಆದರೆ ನನ್ನ ಜಿಪಿಎ ನಾಲ್ಕಕ್ಕೆ 3.1. ಎರಡನೇ ವರ್ಷದಲ್ಲಿ ಫಾರ್ಮಕೊಕೈನೆಟಿಕ್ಸ್ (ಔಷಧಿ ದೇಹದಲ್ಲಿ ಹೇಗೆ ಹರಡಿ ಹೊರಹೋಗುತ್ತದೆ ಅನ್ನೋ ವಿಷಯ) ಫೇಲ್ ಆಗಿತ್ತು. ಆಗ ಅಪ್ಪನ ಕೆಲಸ ಹೋಗಿತ್ತು, ನಾನು ಓದಿನ ಜೊತೆಗೆ ಮೆಡಿಕಲ್ ಶಾಪ್‌ನಲ್ಲಿ ಇಂಟರ್ನ್ ಆಗಿ ದುಡಿಯುತ್ತಿದ್ದೆ. ಮರುವರ್ಷ ಅದೇ ವಿಷಯದಲ್ಲಿ ಬಿ ಪ್ಲಸ್ ಬಂತು. ಸಂಶೋಧನೆ ಅಂತ ಹೇಳಿಕೊಳ್ಳಲು ಏನೂ ಇಲ್ಲ. ಯಾವ ಸಂಘಕ್ಕೂ ಅಧ್ಯಕ್ಷೆ ಆಗಿಲ್ಲ. ಆ ಶಾಪ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದ್ದು ಮಾತ್ರ ಇದೆ.

ಇನ್ನೊಂದು ತೊಡಕು. ಇಪ್ಪತ್ತೊಂದು ತುಂಬಿದ ಮೇಲೆ ಅಪ್ಪನ ವೀಸಾದಿಂದ ಹೊರಗೆ ಬಂದೆ. ಈಗ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿದ್ದೇನೆ.

ಕ್ಲಾಸ್‌ನಲ್ಲಿ ಎಲ್ಲರೂ ಮಿಡ್‌ಇಯರ್‌ಗೆ (ಡಿಸೆಂಬರ್‌ನ ಫಾರ್ಮಸಿ ಸಮ್ಮೇಳನ) ಹೋಗೋ ಮಾತು ಆಡುತ್ತಿದ್ದಾರೆ. ನಾನು ಹೋಗಬೇಕಾ? ಅಥವಾ ಆ ದುಡ್ಡು ಉಳಿಸಿಕೊಂಡು ಸುಮ್ನೆ ಔಷಧಿ ಅಂಗಡಿ ಕೆಲಸಕ್ಕೆ, ಅಂದರೆ ರೀಟೇಲ್‌ಗೆ ಹೋಗಬೇಕಾ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಬೆಣ್ಣೆದೋಸೆ | 10 ಆಗಸ್ಟ್

ನಾನು ಜುಲೈ 1ಕ್ಕೆ ಪಿಜಿವೈ-1 ಶುರು ಮಾಡಿದವನು, ಮಿನೆಸೋಟದಲ್ಲಿ. ದಾವಣಗೆರೆ ಕಡೆಯವನು. ನನ್ನ ಜಿಪಿಎ 3.3. ಬ್ಯಾಚ್‌ನಲ್ಲಿ ನನಗಿಂತ ಜಾಸ್ತಿ ಇದ್ದವರು ಕೆಲವರಿಗೆ ಸಿಗಲಿಲ್ಲ, ಕಡಿಮೆ ಇದ್ದ ಇಬ್ಬರಿಗೆ ಸಿಕ್ಕಿತು. ಆ ಇಬ್ಬರೂ ದೊಡ್ಡ ಹೆಸರಿನ ಹಿಂದೆ ಹೋಗಿರಲಿಲ್ಲ.

ಒಂದು ಮಾತು ನೆನಪಿಡಿ. ಕೆಲವು ಕಡೆ 3.0ಕ್ಕಿಂತ ಕಡಿಮೆ ಇದ್ದರೆ ಅರ್ಜಿ ತೆರೆದೇ ನೋಡುವುದಿಲ್ಲ. ಕೆಲವು ಕಡೆ ಆ ಗೆರೆ 3.25, 3.5. ಇನ್ನು ಕೆಲವು ಕಡೆ ಗೆರೆಯೇ ಇಲ್ಲ. ಪಾಸ್-ಫೇಲ್ ಪದ್ಧತಿಯ ಕಾಲೇಜುಗಳು ಹೆಚ್ಚಾದ ಮೇಲೆ ಬರೀ ಜಿಪಿಎ ನೋಡಿ ಆರಿಸುವುದು ಅವರಿಗೂ ಕಷ್ಟ ಆಗಿದೆ. ಅರ್ಜಿ ಹಾಕುವ ಮೊದಲೇ ಮೇಲ್ ಮಾಡಿ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಲೆನಾಡಮಳೆ | 11 ಆಗಸ್ಟ್

ನಾನು ಇಲ್ಲಿಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಪ್ರಿಸೆಪ್ಟರ್, ಅಂದರೆ ವಿದ್ಯಾರ್ಥಿಗಳಿಗೂ ರೆಸಿಡೆಂಟ್‌ಗಳಿಗೂ ಕೆಲಸ ಕಲಿಸುವ ಫಾರ್ಮಸಿಸ್ಟ್. ಒಂಬತ್ತು ವರ್ಷದಿಂದ ರೆಸಿಡೆನ್ಸಿ ಅರ್ಜಿ ಓದುತ್ತಿದ್ದೇನೆ. ತಂಗಿ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಹೊರಗಿನ ಪರಿಸ್ಥಿತಿ. ಹತ್ತು ವರ್ಷ ಹಿಂದೆ ಪಿಜಿವೈ-1ಕ್ಕೆ ಪ್ರಯತ್ನ ಪಟ್ಟವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಬರಿಗೈಯಲ್ಲಿ ಉಳಿಯುತ್ತಿದ್ದರು. ಈಗ ಅಷ್ಟು ಬಿಗಿ ಇಲ್ಲ. ಸೀಟುಗಳು ಹೆಚ್ಚಿವೆ. ಫಾರ್ಮಸಿ ಕಾಲೇಜಿಗೆ ಸೇರುವವರೇ ಕಡಿಮೆ ಆಗಿದ್ದಾರೆ. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಮೊದಲ ಸುತ್ತಿನಲ್ಲಿ ಸೀಟು ಖಾಲಿ ಉಳಿಯುವುದೂ ಇದೆ. ಹಾಗಾಗಿ ನಿಮ್ಮ ಸೀನಿಯರ್‌ಗಳ ಸೀನಿಯರ್‌ಗಳು ಹೇಳಿದ ಭಯದ ಕತೆಗಳನ್ನು ಪೂರ್ತಿ ನಂಬಬೇಡಿ.

ಈಗ ನಿಮ್ಮ ಅರ್ಜಿ. ನಾನು ಓದುವಾಗ ಆ ಫೇಲ್ ಆದ ವಿಷಯ ಕಣ್ಣಿಗೆ ಬೀಳುತ್ತದೆ, ಸುಳ್ಳು ಹೇಳುವುದಿಲ್ಲ. ಅದರಲ್ಲೂ ಫಾರ್ಮಕೊಕೈನೆಟಿಕ್ಸ್. ವ್ಯಾಂಕೊಮೈಸಿನ್ ಅನ್ನೋ ಆ್ಯಂಟಿಬಯಾಟಿಕ್‌ನ ಡೋಸ್ ಲೆಕ್ಕ ಹಾಕುವುದು ನಮ್ಮಲ್ಲಿ ರೆಸಿಡೆಂಟ್‌ನ ದಿನದ ಕೆಲಸ. ಆದರೆ ಮರುವರ್ಷ ಬಿ ಪ್ಲಸ್ ಬಂದಿದೆ. ಈಗ ಯಾವುದಾದರೂ ಆಸ್ಪತ್ರೆ ವಿಭಾಗದ ತರಬೇತಿ ಸರದಿ, ಅಂದರೆ ರೊಟೇಷನ್‌ನಲ್ಲಿ ನೀವು ಅದೇ ಕೆಲಸ ಚೆನ್ನಾಗಿ ಮಾಡಿ, ಆ ಪ್ರಿಸೆಪ್ಟರ್ ತಮ್ಮ ಶಿಫಾರಸು ಪತ್ರದಲ್ಲಿ "ಈಕೆ ನನ್ನ ಜೊತೆ ವ್ಯಾಂಕೊಮೈಸಿನ್‌ನ ಡೋಸ್ ಲೆಕ್ಕ ಮಾಡಿದಳು, ತಿದ್ದುವುದು ಏನೂ ಇರಲಿಲ್ಲ" ಅಂತ ಒಂದು ಸಾಲು ಬರೆದರೆ ಸಾಕು. ಆ ಫೇಲ್ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಅಂದರೆ ಈಗ ನಿಮ್ಮ ಕೈಯಲ್ಲಿರುವುದು ಎರಡು. ಯಾರು ಪತ್ರ ಬರೆಯುತ್ತಾರೆ, ಎಲ್ಲಿಗೆ ಅರ್ಜಿ ಹಾಕುತ್ತೀರಿ. ಜಿಪಿಎ ಇನ್ನು ಬದಲಾಗುವುದಿಲ್ಲ. ಅದರ ಚಿಂತೆ ಬಿಡಿ.

ಮೂರು ಪತ್ರ ಬೇಕು. ನವೆಂಬರ್ ಮೊದಲ ವಾರದ ಹೊತ್ತಿಗೆ ಅರ್ಜಿ ಹಾಕುವ ಆನ್‌ಲೈನ್ ತಾಣ ಫೋರ್ಕಾಸ್ ತೆರೆಯುತ್ತದೆ. ಹೆಚ್ಚಿನ ಕಡೆ ಕೊನೆಯ ದಿನ ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ವಾರದೊಳಗೆ. ಆ ಹೊತ್ತಿಗೆ ನಿಮ್ಮನ್ನು ಕೆಲಸದಲ್ಲಿ ಕಣ್ಣಾರೆ ಕಂಡ ಇಬ್ಬರು ಪ್ರಿಸೆಪ್ಟರ್ ಇರಬೇಕು. ಮೂರನೆಯವರು ನಿಮ್ಮ ಶಾಪ್‌ನ ಫಾರ್ಮಸಿ ಮ್ಯಾನೇಜರ್ ಆಗಬಹುದು. ಮೂರು ವರ್ಷ ನಿಮ್ಮನ್ನು ನೋಡಿದವರು ಅವರೇ ಅಲ್ವಾ? ಪತ್ರದ ಫಾರಂನಲ್ಲಿ ಸಮಯಕ್ಕೆ ಕೆಲಸ ಮುಗಿಸುತ್ತಾರಾ, ತಪ್ಪು ಎತ್ತಿ ತೋರಿಸಿದರೆ ಹೇಗೆ ತೆಗೆದುಕೊಳ್ಳುತ್ತಾರೆ, ಜೊತೆಗಾರರ ಜೊತೆ ಹೇಗಿರುತ್ತಾರೆ ಅಂತೆಲ್ಲ ಕೇಳುತ್ತಾರೆ. ತರಗತಿಯಲ್ಲಿ ಎರಡು ಸಲ ಕಂಡ ದೊಡ್ಡ ಪ್ರೊಫೆಸರ್ ಅದಕ್ಕೆ ಏನು ಬರೆಯುತ್ತಾರೆ?

ಕೇಳುವಾಗ "ಪತ್ರ ಕೊಡುತ್ತೀರಾ" ಅನ್ನಬೇಡಿ. "ನನ್ನ ಬಗ್ಗೆ ಗಟ್ಟಿಯಾಗಿ ಬರೆಯಲು ನಿಮಗೆ ಆಗುತ್ತದಾ" ಅಂತ ಕೇಳಿ. ಹಿಂಜರಿದರೆ ಧನ್ಯವಾದ ಹೇಳಿ ಬೇರೆಯವರ ಹತ್ತಿರ ಹೋಗಿ. ಅರೆಮನಸ್ಸಿನ ಪತ್ರ ಮಾಡುವಷ್ಟು ಹಾನಿ 3.1 ಮಾಡುವುದಿಲ್ಲ.

ಹೇಮಾವತಿತೀರ | 11 ಆಗಸ್ಟ್

ಅಕ್ಕ, ತುಂಬಾ ಧನ್ಯವಾದ. ಓದುತ್ತಾ ಅಳು ಬಂತು. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ನನಗೆ ಇಂಟರ್ನಲ್ ಮೆಡಿಸಿನ್ ರೊಟೇಷನ್ ಇದೆ, ಅಕ್ಟೋಬರ್‌ನಲ್ಲಿ ಆಂಬುಲೇಟರಿ ಕೇರ್ (ಹೊರರೋಗಿ ವಿಭಾಗ). ಆ ಇಬ್ಬರು ಪ್ರಿಸೆಪ್ಟರ್‌ಗಳ ಮುಂದೆ ಚೆನ್ನಾಗಿ ಕೆಲಸ ಮಾಡಬೇಕು.

ರಾತ್ರಿಪಾಳಿ | 12 ಆಗಸ್ಟ್

ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ರೆಸಿಡೆನ್ಸಿ ಮಾಡದೆ ಹದಿನಾಲ್ಕು ವರ್ಷದಿಂದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಇಲ್ಲಿ ಫಾರ್ಮಸಿಸ್ಟ್‌ನ ವರ್ಷದ ಸಂಬಳ 1,30,000 ಡಾಲರ್‌ಗೂ ಹೆಚ್ಚು. ರೆಸಿಡೆಂಟ್‌ಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಕೆಲಸ ವಾರಕ್ಕೆ 80 ಗಂಟೆವರೆಗೂ ಹೋಗಬಹುದು, ನಾಲ್ಕು ವಾರದ ಸರಾಸರಿ ಅದನ್ನು ಮೀರಬಾರದು ಅನ್ನೋದೇ ನಿಯಮ. ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಹಳ್ಳಿ ಕಡೆಯ ಆಸ್ಪತ್ರೆಗಳು ಈಗಲೂ ರೆಸಿಡೆನ್ಸಿ ಇಲ್ಲದವರನ್ನು ತೆಗೆದುಕೊಳ್ಳುತ್ತವೆ. ರಾತ್ರಿ ಪಾಳಿಗೆ ಜನ ಸಿಗುವುದೇ ಕಷ್ಟ. ಕೆಲವು ವರ್ಷ ಅಲ್ಲಿ ಕಲಿತು, ತಜ್ಞ ಫಾರ್ಮಸಿಸ್ಟ್ ಪ್ರಮಾಣಪತ್ರದ ಬಿಸಿಪಿಎಸ್ ಪರೀಕ್ಷೆ ಬರೆದು ಮೇಲೆ ಬರಬಹುದು. ಸಿಗದಿದ್ದರೆ ಬದುಕೇ ಮುಗಿಯಿತು ಅಂತ ಅಂದುಕೊಳ್ಳಬೇಡಿ ತಂಗಿ.

ಅರಸೀಕೆರೆಅಮ್ಮ | 12 ಆಗಸ್ಟ್

ನನ್ನ ಮಗನೂ ಫಾರ್ಮಸಿ ಓದುತ್ತಿದ್ದಾನೆ. ಈ ರೆಸಿಡೆನ್ಸಿ ಅಂದರೆ ಏನು ಅಂತ ಯಾರಾದರೂ ನನ್ನಂಥವರಿಗೆ ತಿಳಿಯುವ ಹಾಗೆ ಹೇಳುತ್ತೀರಾ? ಆರು ವರ್ಷ ಓದಿ, ಡಾಕ್ಟರ್ ಅಂತ ಪದವಿ ತೆಗೆದುಕೊಂಡು, ಮತ್ತೆ ಒಂದು ವರ್ಷ ಅರ್ಧ ಸಂಬಳಕ್ಕೆ ಯಾಕೆ ದುಡಿಯಬೇಕು?

ಬೆಣ್ಣೆದೋಸೆ | 12 ಆಗಸ್ಟ್

ಅಮ್ಮ, ನನ್ನ ಒಂದು ದಿನ ಹೇಳುತ್ತೇನೆ. ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಗೆ ಹೋಗುತ್ತೇನೆ. ನನ್ನ ವಾರ್ಡಿನ ಹದಿನೈದು ಹದಿನಾರು ರೋಗಿಗಳ ಲ್ಯಾಬ್ ರಿಪೋರ್ಟ್, ಔಷಧಿ ಎಲ್ಲಾ ನೋಡುತ್ತೇನೆ. ಒಂಬತ್ತಕ್ಕೆ ವೈದ್ಯರ ಜೊತೆ ರೌಂಡ್ಸ್. ಯಾರಿಗೆ ಕಿಡ್ನಿ ಕುಗ್ಗಿದೆ, ಯಾವ ಆ್ಯಂಟಿಬಯಾಟಿಕ್ ನಿಲ್ಲಿಸಬಹುದು, ಯಾವ ಎರಡು ಮಾತ್ರೆ ಒಟ್ಟಿಗೆ ಕೊಡಬಾರದು ಅಂತ ಅಲ್ಲೇ ಹೇಳಬೇಕು. ಕಾಲೇಜಿನಲ್ಲಿ ಇದನ್ನು ಓದಿದ್ದೆ. ಆದರೆ ರೋಗಿಯ ಮುಂದೆ ನಿಂತು ಹೇಳುವ ಧೈರ್ಯ ಓದಿನಿಂದ ಬರಲಿಲ್ಲ. ಈ ಒಂದು ವರ್ಷ ಪಕ್ಕದಲ್ಲಿ ಒಬ್ಬರು ಅನುಭವಸ್ಥರು ನಿಂತು ನೋಡುತ್ತಾರೆ, ತಿದ್ದುತ್ತಾರೆ. ಅದೇ ರೆಸಿಡೆನ್ಸಿ.

ಪಿಜಿವೈ-1 ಆದ ಮೇಲೆ ಇಷ್ಟ ಇದ್ದರೆ ಪಿಜಿವೈ-2. ಅದು ಕ್ಯಾನ್ಸರ್, ಐಸಿಯು, ಸೋಂಕು ರೋಗ, ಹೀಗೆ ಒಂದೇ ವಿಭಾಗದಲ್ಲಿ ಇನ್ನೊಂದು ವರ್ಷ.

ಎರಡನೇಮನೆ | 13 ಆಗಸ್ಟ್

ವೀಸಾ ವಿಷಯ ಯಾರೂ ಮುಟ್ಟಿಲ್ಲ. ಇದೇ ದಾರಿಯಲ್ಲಿ ನಾನು ನಡೆದು ಬಂದಿದ್ದೇನೆ, ಹಾಗಾಗಿ ಹೇಳುತ್ತೇನೆ.

ಮೊದಲನೆಯದು, ಮಾಜಿ ಸೈನಿಕರ ಆಸ್ಪತ್ರೆಗಳು, ಅಂದರೆ ವಿಎ. ಅಲ್ಲಿ ರೆಸಿಡೆನ್ಸಿ ಸೀಟು ತುಂಬಾ ಇವೆ. ಆದರೆ ಅಮೆರಿಕದ ಪೌರತ್ವ ಕೇಳುತ್ತಾರೆ. ಪಟ್ಟಿಯಿಂದ ತೆಗೆದುಬಿಡಿ.

ಎರಡನೆಯದು, ಬಹಳ ರೆಸಿಡೆನ್ಸಿ ಕಾರ್ಯಕ್ರಮಗಳ ಪುಟದಲ್ಲಿ "ವೀಸಾ ಸ್ಪಾನ್ಸರ್ ಮಾಡುವುದಿಲ್ಲ" ಅಂತ ಇರುತ್ತದೆ. ಅದನ್ನು ನೋಡಿ ವಾಪಸ್ ಬರಬೇಡಿ. ಇಲ್ಲಿಯೇ ಓದಿದ ನಿಮಗೆ ಪದವಿ ಆದ ಮೇಲೆ 12 ತಿಂಗಳ ಒಪಿಟಿ, ಅಂದರೆ ಕೆಲಸ ಮಾಡಲು ಪರವಾನಗಿ, ಸಿಗುತ್ತದೆ. ರೆಸಿಡೆನ್ಸಿಯೂ 12 ತಿಂಗಳು. ಒಪಿಟಿಗೆ ಆಸ್ಪತ್ರೆಯವರು ಸ್ಪಾನ್ಸರ್ ಮಾಡಬೇಕಾಗಿಲ್ಲ. ಮೇಲ್‌ನಲ್ಲಿ ನೇರವಾಗಿ ಕೇಳಿ: "ನನ್ನ ಹತ್ತಿರ ಇಡೀ ರೆಸಿಡೆನ್ಸಿ ವರ್ಷಕ್ಕೆ ಸಾಕಾಗುವ ಕೆಲಸದ ಪರವಾನಗಿ ಇರುತ್ತದೆ. ನನ್ನ ಅರ್ಜಿ ಪರಿಗಣಿಸುತ್ತೀರಾ?" ನಾನು ಹೀಗೆ ಕೇಳಿದಾಗ ಆಗಲ್ಲ ಅಂದುಕೊಂಡಿದ್ದ ಕೆಲವು ಕಡೆಯಿಂದ ಹೌದು ಅಂತ ಉತ್ತರ ಬಂತು.

ಮೂರನೆಯದು ದಿನಾಂಕದ ಲೆಕ್ಕ. ಇದರಲ್ಲಿ ಎಡವಿದವರನ್ನು ಕಂಡಿದ್ದೇನೆ. ಒಪಿಟಿ ಶುರುವಾಗುವ ದಿನವನ್ನು ನೀವೇ ಆರಿಸಬೇಕು. ಅದು ಕೋರ್ಸ್ ಮುಗಿದ 60 ದಿನದೊಳಗೆ ಇರಬೇಕು. ಮೇ ಮಧ್ಯದಲ್ಲಿ ಪದವಿ ಅಂದರೆ ಜುಲೈ ಮಧ್ಯದವರೆಗೆ ಅವಕಾಶ. ಆತುರಪಟ್ಟು ಮೇ 20 ಅಂತ ಹಾಕಿದರೆ ಮರುವರ್ಷ ರೆಸಿಡೆನ್ಸಿ ಮುಗಿಯುವ ಮೊದಲೇ ಪರವಾನಗಿ ಮುಗಿಯುತ್ತದೆ. ಮ್ಯಾಚ್ (ಅಭ್ಯರ್ಥಿಗಳನ್ನೂ ಆಸ್ಪತ್ರೆಗಳನ್ನೂ ಜೋಡಿಸುವ ಆಯ್ಕೆ ಪದ್ಧತಿ) ಫಲಿತಾಂಶ ಬಂದು ಶುರುವಾಗುವ ದಿನ ಗೊತ್ತಾದ ಮೇಲೆ ಅರ್ಜಿ ಹಾಕಿ. ತಡ ಆಗುತ್ತೆ ಅನ್ನಿಸಿದರೆ ಹೆಚ್ಚು ಶುಲ್ಕ ಕಟ್ಟಿ ಬೇಗ ಪಡೆಯುವ ದಾರಿ 2023ರಿಂದ ಒಪಿಟಿಗೂ ಇದೆ.

ಆಮೇಲೆ? ವಿಶ್ವವಿದ್ಯಾಲಯದ ಜೊತೆ ಸೇರಿಕೊಂಡ ಲಾಭರಹಿತ ಆಸ್ಪತ್ರೆಗಳಿಗೆ ಎಚ್-1ಬಿ ಲಾಟರಿಯ ಗೋಜಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ರೀಟೇಲ್ ಸರಪಳಿ ಅಂಗಡಿಗಳಿಗೆ ಆ ಸೌಲಭ್ಯ ಇಲ್ಲ, ಲಾಟರಿಯೇ ಗತಿ. ಹಾಗಾಗಿ ರಾತ್ರಿಪಾಳಿ ಅಣ್ಣ ಹೇಳಿದ ದಾರಿ ಅವರಿಗೆ ಸರಿ ಇರಬಹುದು. ಎಫ್-1ನಲ್ಲಿರುವ ಈ ಹುಡುಗಿಗೆ ಅದು ಅಷ್ಟು ಸುಲಭ ಅಲ್ಲ.

ರಾತ್ರಿಪಾಳಿ | 13 ಆಗಸ್ಟ್

ಒಪ್ಪಿದೆ. ವೀಸಾ ಕಡೆ ನನ್ನ ಯೋಚನೆ ಹೋಗಿರಲಿಲ್ಲ. ಹಾಗಾದರೆ ರೆಸಿಡೆನ್ಸಿ ಪ್ರಯತ್ನ ಮಾಡುವುದೇ ಒಳ್ಳೆಯದು.

ಕೊಡಗಿನಹುಡುಗ | 15 ಆಗಸ್ಟ್

ನಾನು ಬೆಂಗಳೂರಿನಲ್ಲಿ ಫಾರ್ಮ್‌ಡಿ ಐದನೇ ವರ್ಷ. ಇಲ್ಲಿಂದ ನೇರವಾಗಿ ಅಮೆರಿಕದ ರೆಸಿಡೆನ್ಸಿಗೆ ಬರಬಹುದಾ?

ಮಲೆನಾಡಮಳೆ | 15 ಆಗಸ್ಟ್

ದಾರಿ ಇದೆ, ಆದರೆ ಕಡಿದು. ಮಾನ್ಯತೆ ಇರುವ ರೆಸಿಡೆನ್ಸಿಗೆ ಅಮೆರಿಕದ ಕಾಲೇಜಿನ ಪದವಿ ಇರಬೇಕು, ಇಲ್ಲವೇ ಅಲ್ಲಿಯ ಫಾರ್ಮಸಿ ಮಂಡಳಿಗಳ ಒಕ್ಕೂಟ ಎನ್‌ಎಬಿಪಿ ಕೊಡುವ ಎಫ್‌ಪಿಜಿಇಸಿ ಪ್ರಮಾಣಪತ್ರ (ಹೊರದೇಶದ ಫಾರ್ಮಸಿ ಪದವೀಧರರಿಗೆ ಕೊಡುವುದು) ಇರಬೇಕು. 2003ರಿಂದ ಈಚೆಗೆ ಪದವಿ ಪಡೆದವರಿಗೆ ಕನಿಷ್ಠ ಐದು ವರ್ಷದ ಕೋರ್ಸ್ ಆಗಿರಬೇಕು ಅನ್ನೋದು ಅದರ ನಿಯಮ. ಹಾಗಾಗಿ ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಸಾಲುವುದಿಲ್ಲ. 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್‌ಡಿ ಆ ಬಾಗಿಲು ತೆರೆಯಿತು. ಎಫ್‌ಪಿಜಿಇಇ ಅನ್ನೋ ಫಾರ್ಮಸಿ ಪರೀಕ್ಷೆ, ಇಂಗ್ಲಿಷ್‌ನ ಟೋಫೆಲ್ ಎರಡೂ ಪಾಸಾಗಬೇಕು. ಆಮೇಲೆ ರಾಜ್ಯಕ್ಕೆ ತಕ್ಕಂತೆ ಇಂಟರ್ನ್ ಗಂಟೆ, ಲೈಸೆನ್ಸ್ ಪರೀಕ್ಷೆ ನ್ಯಾಪ್ಲೆಕ್ಸ್.

ನಿಜವಾದ ಗೋಡೆ ವೀಸಾ. ಇಲ್ಲಿ ಓದಿಲ್ಲದ ಕಾರಣ ಒಪಿಟಿ ಇರುವುದಿಲ್ಲ. ಸ್ಪಾನ್ಸರ್ ಮಾಡುವ ಕಾರ್ಯಕ್ರಮ ಹುಡುಕಬೇಕು, ಅಂಥವು ತೀರಾ ಕಡಿಮೆ. ಸಾಲ ಮಾಡಿ ಬರುವ ಮುಂಚೆ ಆ ಪಟ್ಟಿ ಮಾಡಿ ನೋಡಿ. ಬೇಕಾದರೆ ಇದಕ್ಕೇ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ನಂದಿಬೆಟ್ಟ | 2 ಅಕ್ಟೋಬರ್

ನಾನೂ ಈ ವರ್ಷ ಮ್ಯಾಚ್‌ನಲ್ಲಿದ್ದೇನೆ. ಜಿಪಿಎ 3.8, ಎರಡು ಸಂಶೋಧನಾ ಪೋಸ್ಟರ್, ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಮುಂದೆ ಪಿಜಿವೈ-2 ಆಂಕಾಲಜಿ (ಕ್ಯಾನ್ಸರ್ ವಿಭಾಗ) ಮಾಡಬೇಕು. ಹಾಗಾಗಿ ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆಗಳಿಗೆ ಮಾತ್ರ ಅರ್ಜಿ ಹಾಕುತ್ತೇನೆ. ಒಂಬತ್ತು ಸಾಕಾಗುತ್ತಾ?

ಮಲೆನಾಡಮಳೆ | 3 ಅಕ್ಟೋಬರ್

ಸಂಖ್ಯೆ ಸಾಕು. ಆದರೆ ಒಂಬತ್ತೂ ಒಂದೇ ಜಾತಿಯವು. ನಿಮ್ಮ ಹಾಗೆ 3.8 ಇರುವವರೆಲ್ಲ ಅವೇ ಒಂಬತ್ತಕ್ಕೆ ಹಾಕುತ್ತಾರೆ. ಮೂರು ಕಡಿಮೆ ಮಾಡಿ ಆ ಜಾಗದಲ್ಲಿ ಕ್ಯಾನ್ಸರ್ ವಿಭಾಗ ಚೆನ್ನಾಗಿರುವ ಸಮುದಾಯ ಆಸ್ಪತ್ರೆಗಳನ್ನು ಸೇರಿಸಿ. ಅಂಥ ಕಡೆ ಪಿಜಿವೈ-1 ಮಾಡಿ ಆಮೇಲೆ ಆಂಕಾಲಜಿಗೆ ಹೋದವರು ನನಗೆ ಗೊತ್ತಿದ್ದಾರೆ.

ಹೇಮಾವತಿತೀರ | 27 ಅಕ್ಟೋಬರ್

ಒಂದು ಸಂಗತಿ ಹಂಚಿಕೊಳ್ಳಬೇಕು. ಇಂಟರ್ನಲ್ ಮೆಡಿಸಿನ್ ರೊಟೇಷನ್‌ನಲ್ಲಿ 82 ವರ್ಷದ ಅಜ್ಜಿಯೊಬ್ಬರಿದ್ದರು. ತೂಕ 60 ಕೆಜಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದನ್ನು ತಡೆಯುವ ಎನಾಕ್ಸಪಾರಿನ್ 60 ಮಿಗ್ರಾಂ ದಿನಕ್ಕೆ ಎರಡು ಸಲ ನಡೆಯುತ್ತಿತ್ತು. ಅಂದಿನ ಕ್ರಿಯಾಟಿನಿನ್ ನೋಡಿ ಲೆಕ್ಕ ಹಾಕಿದೆ. ಕ್ಲಿಯರೆನ್ಸ್, ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನೋ ಅಳತೆ, 24 ಬಂತು. 30ಕ್ಕಿಂತ ಕಡಿಮೆ ಆದರೆ ಅದೇ ಡೋಸ್ ದಿನಕ್ಕೆ ಒಂದೇ ಸಲ ಕೊಡಬೇಕು. ಪ್ರಿಸೆಪ್ಟರ್‌ಗೆ ಹೇಳಿದೆ. "ನೀನೇ ಡಾಕ್ಟರ್‌ಗೆ ಫೋನ್ ಮಾಡು" ಅಂದರು. ಕೈ ನಡುಗುತ್ತಿತ್ತು. ಡಾಕ್ಟರ್ ಕೇಳಿಸಿಕೊಂಡು, ಆರ್ಡರ್ ಬದಲಿಸಿ, ಥ್ಯಾಂಕ್ಸ್ ಹೇಳಿದರು. ಫೇಲ್ ಆದ ವಿಷಯ ನನಗೆ ಅವತ್ತು ಕೆಲಸಕ್ಕೆ ಬಂತು.

ಆ ಪ್ರಿಸೆಪ್ಟರ್ ಪತ್ರ ಬರೆಯಲು ಒಪ್ಪಿದ್ದಾರೆ.

ಈಗ ಲೆಟರ್ ಆಫ್ ಇಂಟೆಂಟ್ (ಅರ್ಜಿಯ ಜೊತೆ ನಮ್ಮ ಬಗ್ಗೆ ನಾವೇ ಬರೆಯುವ ಪತ್ರ) ಬರೆಯುತ್ತಿದ್ದೇನೆ. ನನ್ನ ಸ್ವಂತ ಅಜ್ಜಿಯ ಕತೆಯಿಂದ ಶುರು ಮಾಡಿದ್ದೇನೆ. ಅವರಿಗೆ ಹೃದಯದ ಕವಾಟ ಬದಲಿಸಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನಡೆಯುತ್ತಿತ್ತು. ಊರಲ್ಲಿ ಯಾರೋ ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್ ಕೊಟ್ಟರು. ವಾರದೊಳಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಯಿತು. ಉಳಿದುಕೊಂಡರು, ಆದರೆ ಮೊದಲಿನ ಹಾಗೆ ಎದ್ದು ಓಡಾಡಲಿಲ್ಲ. ನಾನು ಫಾರ್ಮಸಿಗೆ ಬಂದಿದ್ದೇ ಅದಕ್ಕೆ.

ಮಲೆನಾಡಮಳೆ | 28 ಅಕ್ಟೋಬರ್

ತಂಗಿ, ಅಜ್ಜಿಯ ಕತೆ ಮನಸ್ಸಿಗೆ ತಟ್ಟಿತು. ಆದರೂ ಹೇಳುತ್ತೇನೆ. ನಾನು ಓದುವ ಪತ್ರಗಳಲ್ಲಿ ಅರ್ಧದಷ್ಟು ಅಜ್ಜ ಅಜ್ಜಿಯರಿಂದಲೇ ಶುರುವಾಗುತ್ತವೆ. ಅದರಿಂದ ನೀವು ಯಾಕೆ ಫಾರ್ಮಸಿಗೆ ಬಂದಿರಿ ಅಂತ ಗೊತ್ತಾಗುತ್ತದೆ. ನನಗೆ ಬೇಕಾದದ್ದು ಬೇರೆ: ನಮ್ಮ ಆಸ್ಪತ್ರೆಗೇ ಯಾಕೆ, ಬಂದು ಏನು ಮಾಡಬಲ್ಲಿರಿ. ಎನಾಕ್ಸಪಾರಿನ್ ಫೋನ್ ಕರೆಯಿಂದ ಶುರು ಮಾಡಿ.

ಎರಡನೇಮನೆ | 28 ಅಕ್ಟೋಬರ್

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ವಾರ್ಫರಿನ್, ಡೈಕ್ಲೋಫೆನಾಕ್ ಅಂತ ಹೆಸರು ಹಿಡಿದು ಹೇಳುವ ಕತೆ ಬರೀ ಭಾವನೆ ಅಲ್ಲ. ಒಂದು ಸಾಲು ಇರಲಿ. ಅದನ್ನು ಪೂರ್ತಿ ತೆಗೆದರೆ ಪತ್ರ ಯಾರದ್ದೋ ಆಗಿಬಿಡುತ್ತದೆ.

ಹೇಮಾವತಿತೀರ | 29 ಅಕ್ಟೋಬರ್

ಇಬ್ಬರ ಮಾತೂ ಇಟ್ಟುಕೊಂಡೆ. ಫೋನ್ ಕರೆಯಿಂದ ಶುರು. ಅಜ್ಜಿ ಕೊನೆಯ ಪ್ಯಾರಾದಲ್ಲಿ, ಎರಡು ಸಾಲು. ಆಸ್ಪತ್ರೆಗೆ ತಕ್ಕಂತೆ ನಡುವಿನ ಪ್ಯಾರಾ ಪ್ರತಿ ಸಲ ಹೊಸದಾಗಿ ಬರೆಯುತ್ತಿದ್ದೇನೆ. ಒಂದೊಂದಕ್ಕೂ ಒಂದು ಸಂಜೆ ಹಿಡಿಯುತ್ತಿದೆ. ಫೇಲ್ ಆದ ಬಗ್ಗೆ ಬರೆಯಬೇಕಾ?

ಮಲೆನಾಡಮಳೆ | 29 ಅಕ್ಟೋಬರ್

ಎರಡೇ ವಾಕ್ಯ. ಏನಾಯಿತು, ಆಮೇಲೆ ಏನು ಮಾಡಿದೆ. ಅಪ್ಪನ ಕೆಲಸ ಹೋದದ್ದನ್ನು ಬರೆಯಬಹುದು, ಆದರೆ ಕ್ಷಮೆ ಕೇಳುವ ದನಿ ಬೇಡ.

ಹೇಮಾವತಿತೀರ | 14 ಡಿಸೆಂಬರ್

ನ್ಯೂ ಆರ್ಲಿಯನ್ಸ್‌ನಿಂದ ವಾಪಸ್ ಬಂದೆ. ಮಿಡ್‌ಇಯರ್‌ಗೆ ನಾಲ್ಕು ಜನ ಸೇರಿ ಒಂದೇ ರೂಮು ಮಾಡಿಕೊಂಡಿದ್ದೆವು. ರೆಸಿಡೆನ್ಸಿ ಶೋಕೇಸ್ ಹಾಲ್ ನೋಡಿ ಮೊದಲು ಗಾಬರಿ ಆಯಿತು. ಸಾಲು ಸಾಲು ಮೇಜು, ಕಪ್ಪು ಸೂಟು ಹಾಕಿಕೊಂಡ ಸಾವಿರಾರು ವಿದ್ಯಾರ್ಥಿಗಳು. ಹೆಸರಾಂತ ಆಸ್ಪತ್ರೆಗಳ ಮೇಜಿನ ಮುಂದೆ ಮಾತಾಡಲು ಒಂದೆರಡು ನಿಮಿಷವೂ ಸಿಗುತ್ತಿರಲಿಲ್ಲ.

ಆದರೆ ಇಂಡಿಯಾನಾದ ಒಂದು ಸಣ್ಣ ಆಸ್ಪತ್ರೆಯ ಮೇಜಿನ ಹತ್ತಿರ ಯಾರೂ ಇರಲಿಲ್ಲ. ನನ್ನ ಪಟ್ಟಿಯಲ್ಲೂ ಅದು ಇರಲಿಲ್ಲ. ಸುಮ್ನೆ ನಿಂತು ಮಾತಾಡಿಸಿದೆ. ಇಪ್ಪತ್ತು ನಿಮಿಷ ಆಯಿತು. ಅಲ್ಲಿಯ ರೆಸಿಡೆಂಟ್ ವಾರ್ಫರಿನ್ ಕ್ಲಿನಿಕ್ ಅನ್ನು ತಾವೇ ನಡೆಸುತ್ತಾರಂತೆ. ಒಪಿಟಿ ಬಗ್ಗೆ ಕೇಳಿದೆ. ಎಚ್‌ಆರ್‌ನವರನ್ನು ಕೇಳಿ ಮೂರು ದಿನದಲ್ಲಿ ಮೇಲ್ ಮಾಡಿದರು: ತೊಂದರೆ ಇಲ್ಲ.

ಒಟ್ಟು ಹನ್ನೊಂದು ಅರ್ಜಿ ಹಾಕುತ್ತಿದ್ದೇನೆ.

ಬೆಣ್ಣೆದೋಸೆ | 9 ಜನವರಿ 2025

ಸಂದರ್ಶನಕ್ಕೆ ತಯಾರಿ ಮಾಡುವವರಿಗೆ. ಈಗ ಹೆಚ್ಚಿನವು ವಿಡಿಯೋದಲ್ಲೇ ನಡೆಯುತ್ತವೆ. ಅರ್ಧ ದಿನ ಹಿಡಿಯುತ್ತದೆ. ಒಂದು ರೋಗಿಯ ಕೇಸ್ ಕೊಟ್ಟು ಇಪ್ಪತ್ತು ಮೂವತ್ತು ನಿಮಿಷದಲ್ಲಿ ನಿಮ್ಮ ಪ್ಲಾನ್ ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಎಲ್ಲಿ ಹುಡುಕುತ್ತೇನೆ ಅಂತ ಹೇಳಿ. ಊಹೆ ಮಾಡಿ ಡೋಸ್ ಹೇಳಿದರೆ ಅಲ್ಲಿಗೆ ಮುಗಿಯಿತು. ಔಷಧಿಯಲ್ಲಿ ಊಹೆ ಮಾಡುವವರು ಯಾರಿಗೂ ಬೇಡ.

ಮಿಕ್ಕದ್ದು ಅನುಭವದ ಪ್ರಶ್ನೆಗಳು. ಜೊತೆಯವರ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ, ನೀವು ಮಾಡಿದ ತಪ್ಪು ಯಾವುದು. ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಇದಕ್ಕೆ ಬೇಕಾದಷ್ಟು ಕತೆ ಇರುತ್ತದೆ. ಹೇಮಾವತಿ ಅವರೇ, ಕೋಪಗೊಂಡ ಗ್ರಾಹಕರು, ವಿಮೆ ತಿರಸ್ಕಾರ ಆದದ್ದು, ಒಂದೇ ಹೆಸರಿನ ಇಬ್ಬರ ಮಾತ್ರೆ ಅದಲುಬದಲಾಗುವುದನ್ನು ತಡೆದದ್ದು, ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಹೇಮಾವತಿತೀರ | 24 ಫೆಬ್ರವರಿ

ಹನ್ನೊಂದರಲ್ಲಿ ಆರು ಕಡೆ ಕರೆದರು. ಆರೂ ಮುಗಿದವು. ಒಂದು ಕಡೆ ಕೇಸ್ ಪೂರ್ತಿ ಕೈಕೊಟ್ಟಿತು, ಡಿಕೆಎ (ಸಕ್ಕರೆ ಕಾಯಿಲೆಯ ತುರ್ತು ಸ್ಥಿತಿ) ರೋಗಿಯ ಪೊಟ್ಯಾಸಿಯಂ ನೋಡದೆ ಇನ್ಸುಲಿನ್ ಶುರು ಮಾಡುತ್ತೇನೆ ಅಂದುಬಿಟ್ಟೆ. ಅವರೇ ತಿದ್ದಿದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ರ‍್ಯಾಂಕ್ ಪಟ್ಟಿ, ಅಂದರೆ ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದ ಪಟ್ಟಿ, ಕೊಡಬೇಕು. ಇಂಡಿಯಾನಾದವರು ನನ್ನನ್ನು ಇಷ್ಟಪಟ್ಟ ಹಾಗೆ ಕಾಣುತ್ತದೆ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಕೊಲಂಬಸ್ ಹತ್ತಿರದ ಒಂದು ಆಸ್ಪತ್ರೆ, ಮನೆಯಿಂದ ಅರ್ಧ ಗಂಟೆ. ಅಲ್ಲಿ ನನಗೆ ಸಿಗುವುದು ಕಷ್ಟ. ಇಂಡಿಯಾನಾವನ್ನು ಮೊದಲು ಹಾಕಿದರೆ ಸೀಟು ಗ್ಯಾರಂಟಿ ಆಗುತ್ತಾ?

ಮಲೆನಾಡಮಳೆ | 24 ಫೆಬ್ರವರಿ

ಬೇಡ. ನಿಮಗೆ ನಿಜವಾಗಿ ಯಾವುದು ಇಷ್ಟವೋ ಅದನ್ನೇ ಮೊದಲು ಹಾಕಿ. ಲೆಕ್ಕ ನಡೆಯುವುದು ಹೀಗೆ. ಯಂತ್ರ ನಿಮ್ಮನ್ನು ಮೊದಲು ನಿಮ್ಮ ಒಂದನೇ ಆಯ್ಕೆಯಲ್ಲಿ ಕೂರಿಸಲು ನೋಡುತ್ತದೆ. ಅಲ್ಲಿ ಆಗದಿದ್ದರೆ ಎರಡನೆಯದಕ್ಕೆ ಬರುತ್ತದೆ. ಅಷ್ಟರಲ್ಲಿ ಆ ಎರಡನೆಯ ಕಡೆ ಬೇರೆ ಯಾರಾದರೂ ಕೂತಿದ್ದರೂ, ಆಸ್ಪತ್ರೆಯವರು ಅವರಿಗಿಂತ ನಿಮ್ಮನ್ನು ಮೇಲೆ ಇಟ್ಟಿದ್ದರೆ ಅವರು ಎದ್ದು ನಿಮಗೆ ಜಾಗ ಸಿಗುತ್ತದೆ. ಮೊದಲು ದೊಡ್ಡದಕ್ಕೆ ಆಸೆ ಪಟ್ಟಿದ್ದರಿಂದ ನೀವು ಏನೂ ಕಳೆದುಕೊಳ್ಳುವುದಿಲ್ಲ. ಇಂಥ ಜೋಡಣೆಯ ಲೆಕ್ಕದ ಕೆಲಸಕ್ಕೇ 2012ರಲ್ಲಿ ಲಾಯ್ಡ್ ಶಾಪ್ಲಿ, ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು.

ಎರಡು ಎಚ್ಚರ. ಹೋಗಲು ಮನಸ್ಸೇ ಇಲ್ಲದ ಜಾಗವನ್ನು ಹಾಕಬೇಡಿ, ಯಾಕೆಂದರೆ ಮ್ಯಾಚ್ ಆದರೆ ಅದಕ್ಕೆ ಕಟ್ಟುಬಿದ್ದ ಹಾಗೆ. ಹೋಗಲು ಆಗುತ್ತದೆ ಅನ್ನುವ ಜಾಗವನ್ನು ಬಿಡಲೂಬೇಡಿ.

ನಂದಿಬೆಟ್ಟ | 25 ಫೆಬ್ರವರಿ

ನನಗೆ ಒಂಬತ್ತರಲ್ಲಿ ನಾಲ್ಕು ಸಂದರ್ಶನ ಬಂದವು. ಒಂದು ಊರು ಇಷ್ಟ ಆಗಲಿಲ್ಲ. ಮೂರೇ ಹಾಕುತ್ತಿದ್ದೇನೆ.

ಹೇಮಾವತಿತೀರ | ಮಾರ್ಚ್, ಮೊದಲ ಸುತ್ತಿನ ಫಲಿತಾಂಶದ ದಿನ

ಸಿಕ್ಕಿತು. ಇಂಡಿಯಾನಾ. ಪಟ್ಟಿಯಲ್ಲಿ ಮೂರನೆಯದು.

ರೊಟೇಷನ್‌ನಲ್ಲಿದ್ದೆ. ಮೇಲ್ ಬಂದಾಗ ಫೋನ್ ತೆರೆಯಲು ಧೈರ್ಯ ಇರಲಿಲ್ಲ, ಪ್ರಿಸೆಪ್ಟರ್ ಪಕ್ಕದಲ್ಲಿ ನಿಂತುಕೊಂಡರು. ಅಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಮಾತೇ ಹೊರಡಲಿಲ್ಲ. ಅಪ್ಪ ಆಗಲೇ ಮ್ಯಾಪ್‌ನಲ್ಲಿ ಮನೆಯಿಂದ ಎಷ್ಟು ಗಂಟೆ ದಾರಿ ಅಂತ ನೋಡುತ್ತಿದ್ದರು. ಮಲೆನಾಡ ಅಕ್ಕ, ನಿಮ್ಮನ್ನು ಒಂದು ಸಲ ನೋಡಬೇಕು.

ಎರಡನೇಮನೆ | ಅದೇ ದಿನ

ತುಂಬಾ ಖುಷಿ ಆಯಿತು. ಶುರುವಾಗುವ ದಿನವನ್ನು ಇವತ್ತೇ ಬರಹದಲ್ಲಿ ಕೇಳಿ ಪಡೆಯಿರಿ. ಅದನ್ನು ತೆಗೆದುಕೊಂಡು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಒಪಿಟಿ ಅರ್ಜಿ ಹಾಕಿ. ನ್ಯಾಪ್ಲೆಕ್ಸ್‌ಗೂ ದಿನ ಗೊತ್ತು ಮಾಡಿಕೊಳ್ಳಿ. ರೆಸಿಡೆನ್ಸಿಯ ಮೂರರಲ್ಲಿ ಎರಡು ಭಾಗವನ್ನು ಲೈಸೆನ್ಸ್ ಇರುವ ಫಾರ್ಮಸಿಸ್ಟ್ ಆಗಿಯೇ ಮುಗಿಸಬೇಕು.

ನಂದಿಬೆಟ್ಟ | ಅದೇ ದಿನ

ನನಗೆ ಸಿಗಲಿಲ್ಲ.

ಮಲೆನಾಡ ಅಕ್ಕ, ನೀವು ಅಕ್ಟೋಬರ್‌ನಲ್ಲೇ ಹೇಳಿದ್ದಿರಿ. ಕೇಳಲಿಲ್ಲ. ಮನೆಯವರಿಗೆ ಇನ್ನೂ ಹೇಳಿಲ್ಲ. ಬಾತ್‌ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮಲೆನಾಡಮಳೆ | ಅದೇ ದಿನ

ಮೊದಲು ನೀರು ಕುಡಿಯಿರಿ. ಮನೆಯವರಿಗೆ ಸಂಜೆ ಹೇಳಬಹುದು.

ನಿಮ್ಮ ಅರ್ಜಿಯಲ್ಲಿ ಕೊರತೆ ಇರಲಿಲ್ಲ. ಪಟ್ಟಿ ಚಿಕ್ಕದಾಯಿತು, ಅಷ್ಟೇ. ಎರಡನೇ ಸುತ್ತು ಇದೆ. 2016ರಿಂದ ಇದಕ್ಕೂ ಕ್ರಮಬದ್ಧವಾದ ಮ್ಯಾಚ್ ಇದೆ, ಮೊದಲಿನ ಹಾಗೆ ಫೋನ್ ಹಿಡಿದು ಓಡುವ ಗಡಿಬಿಡಿ ಇಲ್ಲ. ಖಾಲಿ ಉಳಿದ ಸೀಟುಗಳ ಪಟ್ಟಿ ನಿಮಗೆ ಈಗಾಗಲೇ ಕಾಣಿಸುತ್ತಿರಬೇಕು. ಪತ್ರ ಬರೆದ ಮೂವರಿಗೂ ಈಗಲೇ ಮೇಲ್ ಮಾಡಿ, ಅವರ ಪತ್ರ ಮತ್ತೆ ಬಳಸುತ್ತೇನೆ ಅಂತ ತಿಳಿಸಿ. ಸಮಯ ದಿನಗಳಲ್ಲಿ ಇದೆ, ವಾರಗಳಲ್ಲಿ ಇಲ್ಲ. ಪಟ್ಟಿಯಲ್ಲಿ ಕ್ಯಾನ್ಸರ್ ವಿಭಾಗ ಇರುವ ಸಮುದಾಯ ಆಸ್ಪತ್ರೆಗಳನ್ನು ಗುರುತು ಮಾಡಿ. ಊರು ಚಿಕ್ಕದು ಅಂತ ಬಿಡಬೇಡಿ. ರಾತ್ರಿ ಎಂಟಕ್ಕೆ ಬಿಡುವಾಗುತ್ತೇನೆ, ಲೆಟರ್ ಕಳಿಸಿ, ನೋಡಿಕೊಡುತ್ತೇನೆ.

ಬೆಣ್ಣೆದೋಸೆ | ಅದೇ ದಿನ

ನನ್ನ ಈಗಿನ ಜೊತೆ ರೆಸಿಡೆಂಟ್ ಎರಡನೇ ಸುತ್ತಿನಲ್ಲಿ ಬಂದವರು. ನಮ್ಮ ವಾರ್ಡಿನಲ್ಲಿ ಯಾರಿಗೂ ಅದು ಗೊತ್ತೂ ಇಲ್ಲ, ಬೇಕೂ ಇಲ್ಲ. ಅವರ ಜೊತೆ ಮಾತಾಡಿಸಲಾ? ನಾಳೆ ಮಧ್ಯಾಹ್ನ ಸಿಗುತ್ತಾರೆ.

ನಂದಿಬೆಟ್ಟ | ಅದೇ ದಿನ, ಸಂಜೆ

ಹೌದು, ದಯವಿಟ್ಟು. ಅಮ್ಮನಿಗೆ ಹೇಳಿದೆ. ಪಟ್ಟಿ ಇಳಿಸಿಕೊಂಡೆ. ಹದಿನಾಲ್ಕು ಗುರುತು ಮಾಡಿದ್ದೇನೆ. ಅದರಲ್ಲಿ ಕೆಲವು ಊರುಗಳ ಹೆಸರೇ ಕೇಳಿರಲಿಲ್ಲ.

ಹೇಮಾವತಿತೀರ | ಅದೇ ದಿನ, ಸಂಜೆ

ನನ್ನ ಹತ್ತಿರ ಆರು ಸಂದರ್ಶನದ ಪ್ರಶ್ನೆಗಳೂ ಒಂದು ಪುಸ್ತಕದಲ್ಲಿ ಬರೆದಿವೆ, ಆ ಪೊಟ್ಯಾಸಿಯಂ ಕೇಸ್ ಕೂಡ. ನಾಳೆ ಶಾಪ್‌ಗೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ಆ ಹದಿನಾಲ್ಕು ಹೆಸರು ಎದುರಿಗೆ ಇಟ್ಟುಕೊಂಡಿರಿ.